ವಸಂತದ ಸೀ ಟ್ರೌಟ್: ಬಣ್ಣ ಆಮೇಲೆ, ಮೊದಲು ಬೆಚ್ಚಗಿನ ನೀರು ಹುಡುಕಿ

ಪ್ರಶ್ನೆ: ನಾನು ಗಂಗೊಳ್ಳಿ ಕಡೆಯವನು. ಅಳಿವೆಯಲ್ಲಿ ಗಾಳ ಹಾಕುತ್ತಲೇ ಬೆಳೆದವನು. ಈಗ ಕೆಲಸದ ಮೇಲೆ ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿ ಇದ್ದೇನೆ. ಇಲ್ಲಿ ವಸಂತ ಬಂತೆಂದರೆ ಜನ ದಡದಲ್ಲೇ ನಿಂತು ಸೀ ಟ್ರೌಟ್ ಮೀನು ಹಿಡಿಯುತ್ತಾರೆ. ಹೋದ ವರ್ಷ ಮಾರ್ಚ್, ಏಪ್ರಿಲ್ ಪೂರ್ತಿ ಬೆಳಗಿನ ಜಾವ ಎದ್ದು ಹೋಗಿ ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ) ಎಸೆದೆ. ಒಂದು ಮೀನೂ ಮುಟ್ಟಲಿಲ್ಲ. ಡಬ್ಬಿ ತುಂಬ ಲೂರ್ ಇದೆ, ಯಾವುದು ಹಾಕಬೇಕು ಗೊತ್ತಾಗುತ್ತಿಲ್ಲ. ಯಾವ ಲೂರ್, ಯಾವ ಬಣ್ಣ? ಸಿಕ್ಕ ಮೀನನ್ನು ಮನೆಗೆ ತರಬಹುದಾ? ದೋಣಿ ಬೇಕೇ ಬೇಕಾ?

ಉತ್ತರ: ನಿಮ್ಮ ಡಬ್ಬಿಯಲ್ಲಿರುವ ಲೂರ್‌ಗಳಲ್ಲಿ ಬಹುಶಃ ಯಾವ ತಪ್ಪೂ ಇಲ್ಲ. ನಿಂತ ಜಾಗ ಮತ್ತು ಹೋದ ಹೊತ್ತು, ಇವೆರಡನ್ನು ಬದಲಾಯಿಸಿ. ಮಾರ್ಚ್ ತಿಂಗಳಲ್ಲಿ ಇಲ್ಲಿನ ಕಡಲ ಮೀನು ಬಣ್ಣ ನೋಡಿ ಬರುವುದಿಲ್ಲ. ಬೆಚ್ಚಗಿನ ನೀರು ಎಲ್ಲಿದೆಯೋ ಅಲ್ಲಿಗೆ ಬರುತ್ತದೆ. ಬೆಚ್ಚಗೆ ಅಂದರೆ ನಮ್ಮೂರ ಲೆಕ್ಕದಲ್ಲಿ ಅಲ್ಲ. ಸುತ್ತಲೂ 4 ಡಿಗ್ರಿ ಇರುವಾಗ ಒಂದು ಮೂಲೆಯಲ್ಲಿ 7 ಡಿಗ್ರಿ ಇದ್ದರೆ, ಅದೇ ಬೆಚ್ಚಗಿನ ನೀರು.

ಹೀಗ್ಯಾಕೆ ಅಂದರೆ, ಸೀ ಟ್ರೌಟ್ ಹುಟ್ಟುವುದು ತೊರೆಯ ಸಿಹಿನೀರಿನಲ್ಲಿ. ಒಂದೆರಡು ವರ್ಷ ಅಲ್ಲೇ ಬೆಳೆದು, ಗೇಣುದ್ದ ಆದಾಗ ಏಪ್ರಿಲ್, ಮೇ ಹೊತ್ತಿಗೆ ಕಡಲಿಗೆ ಇಳಿಯುತ್ತದೆ. ಕಡಲಲ್ಲಿ ತಿಂದು ದಪ್ಪಗಾಗಿ, ಮೊಟ್ಟೆಯಿಡಲು ಮತ್ತೆ ತೊರೆಗೆ ಹತ್ತುತ್ತದೆ. ಉಪ್ಪು ನೀರಿನಲ್ಲಿರುವಾಗ ಮೈಗೆ ಸೇರುವ ಹೆಚ್ಚಿನ ಉಪ್ಪನ್ನು ಅದು ಕಿವಿರಿನ ಮೂಲಕ ಹೊರಗೆ ಹಾಕುತ್ತಲೇ ಇರಬೇಕು. ನೀರು ತುಂಬ ತಣ್ಣಗಾದಾಗ ಈ ಕೆಲಸ ನಿಧಾನವಾಗುತ್ತದೆ. ಉಪ್ಪು ಜಾಸ್ತಿ, ತಂಪೂ ಜಾಸ್ತಿ ಆದರೆ ಮೀನಿಗೆ ಬಹಳ ಕಷ್ಟ. ಹಾಗಾಗಿ ಚಳಿಗಾಲದಲ್ಲಿ ಅದು ತೆರೆದ ಕಡಲು ಬಿಟ್ಟು, ಉಪ್ಪು ಕಡಿಮೆ ಇರುವ, ನೆಲದೊಳಕ್ಕೆ ಚಾಚಿದ ಕೊಲ್ಲಿಗಳಾದ ಫ್ಯೋರ್ಡ್‌ಗಳ ಒಳಗೆ ಸೇರಿಕೊಳ್ಳುತ್ತದೆ. ನೀರು 5-6 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಹೊರಗಿನ ಕರಾವಳಿಗೆ ಹರಡಿಕೊಳ್ಳುತ್ತದೆ.

ಐದು ನದಿಗಳ ನೀರು ಸೇರುವ ಅಳಿವೆ ನೋಡಿ ಬೆಳೆದವರು ನೀವು. ಮಳೆಗಾಲದಲ್ಲಿ ಸಿಹಿನೀರು ಇಳಿದಾಗ ಯಾವ ಮೀನು ಒಳಗೆ ಬರುತ್ತದೆ, ಯಾವುದು ಹೊರಗೆ ಹೋಗುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿಯೂ ಅದೇ ತಿಳಿವಳಿಕೆ ಬೇಕು. ಒಂದು ವ್ಯತ್ಯಾಸ ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಊರಲ್ಲಿ ನಾವು ಉಬ್ಬರ ಇಳಿತ ನೋಡಿ ಹೊರಡುತ್ತೇವೆ. ಡೆನ್ಮಾರ್ಕಿನ ಒಳಗಿನ ಕಡಲಲ್ಲಿ ಉಬ್ಬರ ಇಳಿತ ಬಹಳ ಸಣ್ಣದು. ನೀರು ಏರುವುದು, ಇಳಿಯುವುದು ಹೆಚ್ಚಾಗಿ ಗಾಳಿಯಿಂದ. ಇಲ್ಲಿ ಪಂಚಾಂಗದ ಬದಲು ಗಾಳಿ ಮತ್ತು ಬಿಸಿಲು ನೋಡಿ ಹೊರಡಬೇಕು.

ಈಗ ಹೊತ್ತಿನ ವಿಷಯ. ಬೆಳಗಿನ ಜಾವ ಹೋಗಿದ್ದೆ ಅಂದಿರಲ್ಲ, ಊರಲ್ಲಿ ಅದೇ ಸರಿ. ಇಲ್ಲಿ ಮಾರ್ಚ್‌ನಲ್ಲಿ ಬೆಳಗಿನ ಜಾವ ಅಂದರೆ ಇಡೀ ರಾತ್ರಿ ತಣ್ಣಗಾದ ನೀರು. ತೆಳುನೀರಿನ ಉಷ್ಣತೆ ದಿನದಲ್ಲಿ ಅತಿ ಕಡಿಮೆ ಇರುವ ಹೊತ್ತು ಅದೇ. ಮಧ್ಯಾಹ್ನ ಊಟ ಮುಗಿಸಿಕೊಂಡೇ ಹೋಗಿ. ಎರಡು ಗಂಟೆಯಿಂದ ಸಂಜೆ ಕತ್ತಲಾಗುವವರೆಗೆ ನಿಲ್ಲಿ. ಎರಡು ಮೂರು ದಿನ ಸತತವಾಗಿ ಬಿಸಿಲು ಬಿದ್ದ ಮೇಲಿನ ಮಧ್ಯಾಹ್ನ ಸಿಕ್ಕಿದರೆ, ಆಫೀಸಿಗೆ ಅರ್ಧ ದಿನ ರಜೆ ಹಾಕಿದರೂ ಅಡ್ಡಿಯಿಲ್ಲ. ಮೇ ತಿಂಗಳ ಕೊನೆಗೆ ನೀರು 15 ಡಿಗ್ರಿ ಹತ್ತಿರ ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. ಆಗ ಹಗಲು ಬೇಡ. ಮುಂಜಾವು, ಮುಸ್ಸಂಜೆ, ರಾತ್ರಿ ಒಳ್ಳೆಯದು.

ಜಾಗದ ವಿಷಯಕ್ಕೆ ಬರೋಣ, ಮುಖ್ಯ ಸಂಗತಿ ಇರುವುದು ಇಲ್ಲೇ. ರೋಸ್ಕಿಲ್ಡೆ ಫ್ಯೋರ್ಡ್ ನಿಮ್ಮ ಮನೆ ಬಾಗಿಲಲ್ಲೇ ಇದೆ. ಅಲ್ಲಿಂದ ಪಶ್ಚಿಮಕ್ಕೆ ಹೋದರೆ ಈಸೆಫ್ಯೋರ್ಡ್. ಎರಡೂ ಆಳ ಕಡಿಮೆ ಇರುವ, ಕವಲು ಕವಲಾಗಿ ಒಳನುಗ್ಗಿದ ನೀರು. ಮಾರ್ಚ್‌ನಲ್ಲಿ ನಕ್ಷೆ ತೆರೆದು, ಇಂಥ ಫ್ಯೋರ್ಡ್‌ಗಳ ಒಳಗೆ ಒಂದರಿಂದ ಎರಡು ಮೀಟರ್ ಆಳದ ಸಣ್ಣ ಕೊಲ್ಲಿಗಳನ್ನು ಹುಡುಕಿ. ತಳ ಕಪ್ಪಗೆ ಇರಬೇಕು. ಕೆಸರು, ನೀಲಿ ಮಳಿ (ಚಿಪ್ಪಿನ ಜೀವಿ), ಕಡಲ ಕಳೆ ಇರುವ ತಳ ಬಿಸಿಲನ್ನು ಹೀರಿಕೊಳ್ಳುತ್ತದೆ. ಬರೀ ಬಿಳಿ ಮರಳಿನ ತಳ ನೋಡಲು ಚೆಂದ, ಆದರೆ ಅಷ್ಟು ಬೇಗ ಕಾಯುವುದಿಲ್ಲ, ತಿನ್ನಲೂ ಅಲ್ಲಿ ಹೆಚ್ಚೇನಿಲ್ಲ. ಹೋಲ್ಬೆಕ್ ಹತ್ತಿರದ ಟೂಸೆ ನೆಸ್ ದಡಕ್ಕೆ ಇಲ್ಲಿನವರು ವಸಂತದಲ್ಲಿ ಹೋಗುವುದು ಸುಮ್ನೆ ಅಲ್ಲ. ಏಪ್ರಿಲ್ ಕಳೆಯುತ್ತಾ ಬಂದಂತೆ ಹೊರಗಿನ ಕಡಲು ನೋಡಿ. ಕಾಲುಂಡ್‌ಬೋರ್ ಆಚೆಗಿನ ರೋಸ್ನೆಸ್, ಉತ್ತರದ ಸ್ಯೆಲೆಂಡ್ಸ್ ಓಡೆ, ದಕ್ಷಿಣದ ಸ್ಟೆವ್ನ್ಸ್ ಇವೆಲ್ಲ ಆಗ ಚುರುಕಾಗುತ್ತವೆ. ಮೂರ್ನಾಲ್ಕು ದಿನ ರಜೆ ಸಿಕ್ಕರೆ ಫ್ಯೂನ್ ದ್ವೀಪಕ್ಕೆ ಹೋಗಿ ಬನ್ನಿ. ಅಲ್ಲಿ 1990ರಿಂದ ಸೀ ಟ್ರೌಟ್‌ಗಾಗಿಯೇ ಒಂದು ಯೋಜನೆ ನಡೆಯುತ್ತಿದೆ. ತೊರೆಗಳಿಗೆ ಅಡ್ಡವಾಗಿದ್ದ ಕಟ್ಟೆಗಳನ್ನು ತೆಗೆದು, ಮೀನು ಮೊಟ್ಟೆಯಿಡಲು ಜಲ್ಲಿ ಹಾಸಿ, ನೀರು ಸರಾಗವಾಗಿ ಹರಿಯುವಂತೆ ಮಾಡುತ್ತಾ ಬಂದಿದ್ದಾರೆ. ತೊರೆ ಸರಿಯಾದರೆ ಕಡಲಲ್ಲಿ ಮೀನು ಹೆಚ್ಚುತ್ತದೆ ಅನ್ನುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಒಂದು ಸಣ್ಣ ಥರ್ಮಾಮೀಟರ್ ತೆಗೆದುಕೊಳ್ಳಿ. ಹೊಸ ಲೂರ್‌ಗೆ ಹಾಕುವ ದುಡ್ಡಿಗಿಂತ ಇದಕ್ಕೆ ಹಾಕಿದ ದುಡ್ಡು ಜಾಸ್ತಿ ಕೆಲಸಕ್ಕೆ ಬರುತ್ತದೆ. ದಾರಕ್ಕೆ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ಒಂದು ನಿಮಿಷ ಬಿಡಿ. ಕೊಲ್ಲಿಯ ಈ ಬದಿ ನೋಡಿ, ಆ ಬದಿ ನೋಡಿ. ಒಂದೇ ಕೊಲ್ಲಿಯ ಎರಡು ಬದಿಗಳ ನಡುವೆ ಎರಡು ಡಿಗ್ರಿ ವ್ಯತ್ಯಾಸ ಕಂಡರೆ ಆಶ್ಚರ್ಯಪಡಬೇಡಿ, ಅದು ಗಾಳಿಯ ಕೆಲಸ. ಬಿಸಿಲಿಗೆ ಕಾಯುವುದು ಮೇಲಿನ ನೀರು. ಗಾಳಿ ಅದನ್ನು ತಳ್ಳಿಕೊಂಡು ಹೋಗಿ ಒಂದು ದಡದಲ್ಲಿ ಗುಡ್ಡೆ ಹಾಕುತ್ತದೆ. ನಿಮ್ಮ ಮುಖಕ್ಕೆ ಹದವಾದ ಗಾಳಿ ಬೀಸುತ್ತಿದ್ದರೆ ಆ ಬೆಚ್ಚಗಿನ ನೀರು ನಿಮ್ಮ ಕಾಲ ಬುಡದಲ್ಲೇ ಇದೆ. ಬೆನ್ನ ಹಿಂದಿನಿಂದ ಗಾಳಿ ಬಂದರೆ ಲೂರ್ ಬಹಳ ದೂರ ಹೋಗುತ್ತದೆ, ಖುಷಿಯಾಗುತ್ತದೆ, ಆದರೆ ಮೇಲಿನ ನೀರೂ ಅದರ ಜೊತೆ ಹೊರಗೆ ಹೋಗಿ, ತಳದ ತಣ್ಣನೆಯ ನೀರು ದಡಕ್ಕೆ ಬಂದಿರುತ್ತದೆ. ಹೊರಡುವ ಮೊದಲು ಇಲ್ಲಿನ ಹವಾಮಾನ ಇಲಾಖೆ ಡಿಎಂಐ ಕೊಡುವ ಗಾಳಿ ಮತ್ತು ಕಡಲ ಉಷ್ಣತೆಯ ಮುನ್ಸೂಚನೆ ನೋಡಿ. ಜಾಗ ಆರಿಸುವ ಕೆಲಸ ಅರ್ಧ ಮನೆಯಲ್ಲೇ ಮುಗಿಯುತ್ತದೆ.

ಮುಖಕ್ಕೆ ಬೀಸುವ ಗಾಳಿಯಲ್ಲಿ ಇನ್ನೊಂದು ಲಾಭವಿದೆ. ಅಲೆ ತಳವನ್ನು ಕದಡಿ, ದಡಕ್ಕೆ ಉದ್ದಕ್ಕೂ ಒಂದು ಮಬ್ಬು ನೀರಿನ ಪಟ್ಟಿ ಮಾಡುತ್ತದೆ. ಆ ಪಟ್ಟಿ ಮುಗಿದು ತಿಳಿನೀರು ಶುರುವಾಗುವ ಗಡಿ ಕಣ್ಣಿಗೆ ಕಾಣುತ್ತದೆ. ಸೀ ಟ್ರೌಟ್ ಆ ಗಡಿಯ ಉದ್ದಕ್ಕೂ ಗಸ್ತು ತಿರುಗುತ್ತದೆ. ಲೂರ್ ಆ ಗಡಿಯನ್ನು ದಾಟಿ ಬರುವ ಹಾಗೆ, ಸಾಧ್ಯವಾದರೆ ಗಡಿಯ ಉದ್ದಕ್ಕೇ ಬರುವ ಹಾಗೆ ಎಸೆಯಿರಿ.

ನೀರಿನ ಮೇಲಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ತಳ ನೋಡಿ. ಮರಳು, ಕಲ್ಲು, ಕಳೆ ಬೆರೆತು ಚುಕ್ಕೆ ಚುಕ್ಕೆಯಾಗಿ ಕಾಣುವ ತಳವನ್ನು ಇಲ್ಲಿಯವರು ಚಿರತೆ ತಳ ಅನ್ನುತ್ತಾರೆ. ಕಳೆಯ ಬುಡದಲ್ಲಿ ಸಿಗಡಿ, ಸಣ್ಣ ಮೀನು ಅಡಗಿರುತ್ತವೆ. ಟ್ರೌಟ್ ಮರಳಿನ ತೆರವಿನಲ್ಲಿ ಅಡ್ಡಾಡುತ್ತಾ ಅವನ್ನು ಹಿಡಿಯುತ್ತದೆ. ಇಂಥ ತಳ ಸಿಕ್ಕರೆ ಅವಸರ ಮಾಡಬೇಡಿ.

ದಡಕ್ಕೆ ಬಂದ ಕೂಡಲೇ ಸೊಂಟದವರೆಗೆ ನೀರಿಗೆ ಇಳಿಯುವುದು ಹೊಸಬರೆಲ್ಲರ ಅಭ್ಯಾಸ. ದಯವಿಟ್ಟು ಬೇಡ. ವಸಂತದಲ್ಲಿ ದೊಡ್ಡ ಟ್ರೌಟ್ ಕೂಡ ಮೊಣಕಾಲು ಮುಳುಗದ ನೀರಿಗೆ ಬಂದು ಮೇಯುತ್ತದೆ, ಯಾಕೆಂದರೆ ಬೆಚ್ಚಗಿರುವುದು ಅಲ್ಲೇ. ಮೊದಲ ಏಳೆಂಟು ಎಸೆತ ಒಣ ದಡದಲ್ಲೇ ನಿಂತು ಎಸೆಯಿರಿ. ಎಡಕ್ಕೆ ದಡದ ಪಕ್ಕದಲ್ಲಿ, ಆಮೇಲೆ ನೇರಕ್ಕೆ, ಆಮೇಲೆ ಬಲಕ್ಕೆ. ಏನೂ ಇಲ್ಲ ಅನ್ನಿಸಿದರೆ ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಅದೇ. ಒಂದೇ ಕಲ್ಲಿನ ಮೇಲೆ ಮೂರು ಗಂಟೆ ನಿಂತರೆ ಮೀನು ನಿಮ್ಮನ್ನು ಹುಡುಕಿಕೊಂಡು ಬರಬೇಕಾಗುತ್ತದೆ. ನಡೆಯುವವನಿಗೇ ಮೀನು.

ಇನ್ನು ಲೂರ್. ಮಾರ್ಚ್‌ನ ತೆಳುನೀರಿಗೆ 12ರಿಂದ 20 ಗ್ರಾಂ ತೂಕ ಸಾಕು. ಭಾರದ ಲೂರ್ ದೂರ ಹೋಗುತ್ತದೆ ನಿಜ, ಆದರೆ ಅದು ತಳಕ್ಕೆ ತಾಗದಿರಲಿ ಅಂತ ಬೇಗ ಬೇಗ ಸುತ್ತಬೇಕಾಗುತ್ತದೆ. ತಣ್ಣೀರಿನ ಮೀನಿಗೆ ಅಷ್ಟು ವೇಗ ಆಗುವುದಿಲ್ಲ. ತೂಕ ಕಡಿಮೆ, ಮೈ ಅಗಲ ಇರುವ, ನಿಧಾನಕ್ಕೆ ಎಳೆದರೂ ತೊನೆಯುವ ಲೂರ್ ಬೇಕು. ಸ್ವೀಡನ್ನಿನ ಟೋಬಿ ಮತ್ತು ಸ್ಪೋಕೆಟ್, ನಾರ್ವೆಯ ಮೋರೆಸಿಲ್ಡಾ ಇಲ್ಲಿನ ಅಂಗಡಿಗಳಲ್ಲಿ ಸಿಗುವ ಹಳೆಯ ನಂಬಿಕಸ್ತ ಲೂರ್‌ಗಳು.

ಬಣ್ಣ ಕೇಳಿದ್ದೀರಿ, ಹೇಳುತ್ತೇನೆ. ಮಬ್ಬು ನೀರು, ಮೋಡದ ದಿನ: ತಾಮ್ರ, ಕೆಂಪು-ಕಪ್ಪು, ಕಿತ್ತಳೆ. ತಿಳಿನೀರು, ಬಿಸಿಲು: ಬೆಳ್ಳಿ, ಹಸಿರು-ಬಿಳಿ. ತುಂಬ ತಣ್ಣೀರಿನಲ್ಲಿ ಕೆಲವರು ಗುಲಾಬಿ ಬಣ್ಣ ಬಿಟ್ಟು ಬೇರೆ ಹಾಕುವುದಿಲ್ಲ. ಕತ್ತಲಾಗುವಾಗ ಕಪ್ಪು. ಇಷ್ಟು ಐದಾರು ಲೂರ್ ಜೇಬಿನಲ್ಲಿದ್ದರೆ ಡಬ್ಬಿ ಮನೆಯಲ್ಲೇ ಇರಲಿ.

ಬಣ್ಣಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಲೂರ್ ಕಟ್ಟುವ ಬಗೆ. ಡೆನ್ಮಾರ್ಕಿನವರು ಗೆನಮ್‌ಲೋಬರ್ ಅಂತ ಒಂದು ತರಹದ ಲೂರ್ ಬಳಸುತ್ತಾರೆ. ಅದರ ಮೈಯೊಳಗೆ ಉದ್ದಕ್ಕೂ ಒಂದು ತೂತು ಇರುತ್ತದೆ. ತಂಗೂಸಿಯನ್ನು (ಗಾಳದ ಪಾರದರ್ಶಕ ದಾರ) ಮೂಗಿನಿಂದ ತೂರಿಸಿ ಬಾಲದಿಂದ ಹೊರಗೆ ಎಳೆಯಿರಿ. ಒಂದು ಸಣ್ಣ ರಬ್ಬರ್ ಮಣಿ ಪೋಣಿಸಿ. ಆಮೇಲೆ ಒಂದು ಗಟ್ಟಿ ರಿಂಗ್ ಕಟ್ಟಿ, ರಿಂಗಿಗೆ ಗಾಳ ಹಾಕಿ. ಎಳೆಯುವಾಗ ಲೂರ್ ಮಣಿಗೆ ಒತ್ತಿ ಕೂತಿರುತ್ತದೆ, ಒಂದೇ ವಸ್ತುವಿನ ಹಾಗೆ ಈಜುತ್ತದೆ. ಮೀನು ಕಚ್ಚಿದ ಕೂಡಲೇ ಲೂರ್ ತಂಗೂಸಿಯ ಮೇಲೆ ಜಾರಿ ಮೇಲಕ್ಕೆ ಹೋಗುತ್ತದೆ. ಮೀನಿನ ಬಾಯಲ್ಲಿ ಉಳಿಯುವುದು ಗಾಳ ಮಾತ್ರ. ಸೀ ಟ್ರೌಟ್ ಸಿಕ್ಕಿಬಿದ್ದಾಗ ನೀರಿನಿಂದ ಹಾರುತ್ತದೆ, ಮೈ ಸುತ್ತಿಸುತ್ತದೆ, ತಲೆ ಕೊಡವುತ್ತದೆ. ಮಾಮೂಲಿ ಲೂರ್ ಆದರೆ ಅದೇ ತೂಕ ಬೀಸಿ ಗಾಳವನ್ನು ಕಿತ್ತು ಬಿಸಾಡುತ್ತದೆ. ಇಲ್ಲಿ ಬೀಸಲು ತೂಕವೇ ಇರುವುದಿಲ್ಲ.

ಗಾಳ ಮೂರು ಮುಳ್ಳಿನದ್ದು ಬೇಡ, ಒಂಟಿ ಗಾಳ ಹಾಕಿ. ಅದರ ತುದಿಯ ಕೊಕ್ಕೆಯನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ. ವಸಂತದಲ್ಲಿ ನೀವು ಬಿಡಬೇಕಾದ ಮೀನುಗಳೇ ಜಾಸ್ತಿ. ಮೂರು ಮುಳ್ಳಿನ ಗಾಳ ಸಣ್ಣ ಮೀನಿನ ಬಾಯಿ ಹರಿದುಬಿಡುತ್ತದೆ.

ಕೋಲು ಒಂಬತ್ತರಿಂದ ಹತ್ತು ಅಡಿ, 10ರಿಂದ 30 ಗ್ರಾಂ ಎಸೆಯುವಂಥದ್ದು. ರೀಲು 3000 ಅಥವಾ 4000 ಸೈಜ್. ರೀಲಿಗೆ 0.12ರಿಂದ 0.14 ಮಿಲಿಮೀಟರ್ ಹೆಣೆದ ದಾರ, ಅದರ ತುದಿಗೆ ಒಂದು ಮಾರು 0.28ರ ಫ್ಲೋರೋಕಾರ್ಬನ್ ತಂಗೂಸಿ. ರೀಲಿನ ಬಿಗಿ ಸಡಿಲ ಇರಲಿ. ಊರಲ್ಲಿ ಕೊಕ್ಕರ್ ಹಿಡಿಯುವಾಗ ಇಡುವಷ್ಟು ಬಿಗಿ ಇಟ್ಟರೆ ಇದರ ಬಾಯಿಂದ ಗಾಳ ಕಿತ್ತು ಬರುತ್ತದೆ.

ಎಳೆಯುವ ಬಗೆಯಲ್ಲಿ ಒಂದು ವಿಷಯ ಕಲಿತರೆ ಸಾಕು, ಅದು ನಿಲ್ಲಿಸುವುದು. ನಾಲ್ಕೈದು ಸುತ್ತು ನಿಧಾನಕ್ಕೆ ಸುತ್ತಿ. ಒಂದೆರಡು ಸೆಕೆಂಡ್ ಪೂರ್ತಿ ನಿಲ್ಲಿಸಿ. ಲೂರ್ ಅಡ್ಡವಾಗಿ ಹೊರಳುತ್ತಾ ಮುಳುಗುತ್ತದೆ. ಮತ್ತೆ ಸುತ್ತಿ. ಸೀ ಟ್ರೌಟ್‌ಗೆ ಹಿಂದೆ ಹಿಂದೆ ಬಂದು ನೋಡುವ ಅಭ್ಯಾಸ ಇದೆ. ಲೂರ್ ಒಂದೇ ವೇಗದಲ್ಲಿ ಬರುತ್ತಿದ್ದರೆ ದಡದವರೆಗೂ ಬಂದು ತಿರುಗಿ ಹೋಗುತ್ತದೆ. ತಟ್ಟನೆ ನಿಂತು ಕೆಳಗೆ ಬಿದ್ದರೆ ಕಚ್ಚುತ್ತದೆ. ಹೆಚ್ಚಿನ ಕಡಿತ ಬರುವುದು ಆ ನಿಲುಗಡೆಯಲ್ಲೇ, ಇಲ್ಲವೇ ಮತ್ತೆ ಸುತ್ತಲು ಶುರು ಮಾಡಿದ ಮೊದಲ ಕ್ಷಣದಲ್ಲಿ. ಹಾಗಾಗಿ ನಿಲ್ಲಿಸಿದಾಗಲೂ ದಾರ ಸಡಿಲ ಬಿಡಬೇಡಿ, ಬೆರಳು ದಾರದ ಮೇಲೇ ಇರಲಿ. ಲೂರ್ ಕಾಲ ಬುಡಕ್ಕೆ ಬಂದಾಗ ಕೂಡಲೇ ಎತ್ತಬೇಡಿ, ಕೊನೆಯ ಎರಡು ಮೀಟರಿನಲ್ಲಿ ಇನ್ನೊಮ್ಮೆ ನಿಲ್ಲಿಸಿ. ನೀರು 8 ಡಿಗ್ರಿ ದಾಟಿದ ಮೇಲೆ ವೇಗ ಹೆಚ್ಚಿಸಬಹುದು.

ಮೀನು ಮೇಲೆ ಮಗುಚುವುದು ಕಾಣುತ್ತಿದೆ, ಆದರೆ ಲೂರ್ ಮುಟ್ಟುತ್ತಿಲ್ಲ ಅಂತ ಒಂದು ದಿನ ಬರುತ್ತದೆ. ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರಗಳಲ್ಲಿ ಇದು ಮಾಮೂಲಿ. ಕೆಸರಿನ ಬಿಲಗಳಲ್ಲಿರುವ ಕಡಲ ಹುಳುಗಳು, ನಾವು ಅಳಿವೆಯ ಕೆಸರು ಅಗೆದು ಎರೆಗೆ ತೆಗೆಯುವ ಹುಳುಗಳ ಬಳಗದವೇ, ನೀರು ಬೆಚ್ಚಗಾದಾಗ ಸಂತಾನಕ್ಕಾಗಿ ಬಿಲ ಬಿಟ್ಟು ಹೊರಗೆ ಬಂದು ಈಜುತ್ತವೆ. ಟ್ರೌಟ್ ಬೇರೆಲ್ಲ ಬಿಟ್ಟು ಅದನ್ನೇ ತಿನ್ನುತ್ತದೆ. ಆ ದಿನಗಳಲ್ಲಿ ಸಿಕ್ಕ ಮೀನಿನ ಹೊಟ್ಟೆ ಸೀಳಿದರೆ ಒಳಗೆ ಹಸಿರು, ಕಂದು ಹುಳುಗಳ ಮುದ್ದೆ, ನೂರಾರು ಕಾಲುಗಳು ಇನ್ನೂ ಗುರುತು ಸಿಗುವಷ್ಟು ಹೊಸದಾಗಿ. ಮೀನಿನಂತೆ ಹೊಳೆಯುವ ಲೂರ್ ಆಗ ಅದರ ಕಣ್ಣಿಗೇ ಬೀಳುವುದಿಲ್ಲ. ಬೊಂಬಾರ್ಡಾ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ತೂಕ ಸಿಗುತ್ತದೆ. ಅದನ್ನು ದಾರಕ್ಕೆ ಪೋಣಿಸಿ, ಅದರಾಚೆ ಎರಡೂವರೆ ಮೀಟರ್ ತಂಗೂಸಿ ಬಿಟ್ಟು, ತುದಿಗೆ ಹುಳುವಿನ ಹಾಗೆ ಉದ್ದ ಬಾಲ ಇರುವ ಕಂದು ಅಥವಾ ಹಸಿರು ಫ್ಲೈ (ಗರಿ, ನೂಲು ಸುತ್ತಿ ಮಾಡಿದ ಹಗುರ ಗಾಳ) ಕಟ್ಟಿ. ಬಹಳ ನಿಧಾನಕ್ಕೆ ಎಳೆಯಿರಿ. ಸಿಕ್ಕ ಮೀನಿನ ಹೊಟ್ಟೆಯಲ್ಲಿ ಏನಿದೆ ಅಂತ ಪ್ರತಿ ಸಲ ನೋಡುವ ರೂಢಿ ಮಾಡಿಕೊಳ್ಳಿ. ಮುಂದಿನ ವಾರ ಏನು ಕಟ್ಟಬೇಕು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಯಾವ ಅಂಗಡಿಯವನೂ ಕೊಡಲಾರ.

ಮನೆಗೆ ತರಬಹುದಾ ಅಂದಿರಿ. ತರಬಹುದು, ಆದರೆ ಕಾನೂನು ತಿಳಿದುಕೊಂಡು. 18 ತುಂಬಿದವರಿಗೆ ಫಿಸ್ಕೆಟೈನ್ ಅನ್ನುವ ಪರವಾನಗಿ ಬೇಕು, ಆನ್‌ಲೈನ್‌ನಲ್ಲೇ ಸಿಗುತ್ತದೆ. ಸೀ ಟ್ರೌಟ್ ಕನಿಷ್ಠ 40 ಸೆಂಟಿಮೀಟರ್ ಇರಬೇಕು. ತೊರೆ ಕಡಲಿಗೆ ಸೇರುವ ಅಳಿವೆ ಬಾಗಿಲಿನ ಸುತ್ತ 500 ಮೀಟರ್ ಮೀನು ಹಿಡಿಯುವಂತಿಲ್ಲ. ಬಾಯಿ ಎರಡು ಮೀಟರಿಗಿಂತ ಅಗಲ ಇದ್ದರೆ ವರ್ಷ ಪೂರ್ತಿ ನಿಷೇಧ. ಅದಕ್ಕಿಂತ ಕಿರಿದಾದರೆ ಸೆಪ್ಟೆಂಬರ್ 16ರಿಂದ ಮಾರ್ಚ್ 15ರವರೆಗೆ. ಊರಲ್ಲಿ ಅಳಿವೆ ಬಾಗಿಲೇ ಗಾಳಕ್ಕೆ ಒಳ್ಳೆಯ ಜಾಗ ಅಲ್ವಾ, ಹಾಗಾಗಿ ನಮ್ಮವರ ಕಾಲು ತಾನಾಗಿ ಅಲ್ಲಿಗೇ ಹೋಗುತ್ತದೆ. ಇಲ್ಲಿ ಅದು ಅಪರಾಧ. ಕೆಲವು ಕಡೆ ಸ್ಥಳೀಯ ನಿಯಮ ಬೇರೆ ಇರುತ್ತದೆ, ಫ್ಯೋರ್ಡ್‌ಗಳ ಸಣ್ಣ ದ್ವೀಪಗಳಿಗೆ ಹಕ್ಕಿ ಮೊಟ್ಟೆಯಿಡುವ ಕಾಲದಲ್ಲಿ ಹೋಗುವಂತಿರುವುದಿಲ್ಲ. ಹೋಗುವ ಮೊದಲು ನೋಡಿಕೊಳ್ಳಿ.

ಕಾನೂನು ಬಿಟ್ಟರೂ ಒಂದು ಮಾತು. ಮಾರ್ಚ್‌ನಲ್ಲಿ ಉದ್ದಕ್ಕೆ ತೆಳ್ಳಗೆ, ತಲೆ ಮಾತ್ರ ದೊಡ್ಡದಾಗಿ ಕಾಣುವ ಮೀನು ಸಿಕ್ಕರೆ, ಅದು ಚಳಿಗಾಲದಲ್ಲಿ ತೊರೆಯಲ್ಲಿ ಮೊಟ್ಟೆಯಿಟ್ಟು ಈಗಷ್ಟೇ ಕಡಲಿಗೆ ಮರಳಿದ್ದು. 60 ಸೆಂಟಿಮೀಟರ್ ಇದ್ದರೂ ಬಿಟ್ಟುಬಿಡಿ. ಮಾಂಸ ಸಪ್ಪೆ, ನೀರು ನೀರು. ಅದಕ್ಕಿಂತ ಮುಖ್ಯವಾಗಿ, ಬದುಕಿದರೆ ಅದು ಮತ್ತೆ ತೊರೆ ಹತ್ತುತ್ತದೆ. ಇನ್ನೂ ಮೊಟ್ಟೆಯಿಡದ, ಚಳಿಗಾಲ ಪೂರ್ತಿ ಕಡಲಲ್ಲೇ ಮೇಯ್ದ ಮೀನು ಬೇರೆ ತರಹ. ಬೆಳ್ಳಿ ತಗಡಿನ ಹಾಗೆ ಹೊಳೆಯುತ್ತದೆ, ಹಿಡಿದರೆ ಹುರುಪೆ ಕೈಗೆ ಅಂಟುತ್ತದೆ, ಬೆನ್ನು ದಪ್ಪ. 40 ದಾಟಿದ್ದರೆ ಅಡುಗೆಗೆ ಅದು ಸರಿ. ಬಂಗುಡೆಗೆ ಹಾಕುವಷ್ಟು ಖಾರ ಅದಕ್ಕೆ ಬೇಡ. ಉಪ್ಪು, ಅರಿಶಿನ, ಸ್ವಲ್ಪ ಕಾಳುಮೆಣಸು ಸಾಕು. ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಮುಟ್ಟಿ, ರಬ್ಬರ್ ಬಲೆಯ ಒಳಗೆ, ನೀರಿನಲ್ಲಿ ಇಟ್ಟುಕೊಂಡೇ ಗಾಳ ಬಿಡಿಸಿ.

ದೋಣಿ ಬೇಡ. ಮೀನು ದಡದಲ್ಲಿರುವ ಕಾಲ ಇದು. ಬೇಕಾಗುವುದು ಒಳ್ಳೆಯ ವೇಡರ್ (ನೀರಿಗಿಳಿಯಲು ಹಾಕುವ, ನೀರು ಹೀರದ ಎದೆಯೆತ್ತರದ ಉಡುಪು), ಸೊಂಟದ ಪಟ್ಟಿ, ಲೈಫ್ ಜಾಕೆಟ್. ನಿಮಗೆ ಈಜು ಚೆನ್ನಾಗಿ ಬರುತ್ತದೆ ಅಂತ ನನಗೆ ಗೊತ್ತು, ಆದರೆ ನೀವು ಈಜಿದ್ದು 28 ಡಿಗ್ರಿ ನೀರಿನಲ್ಲಿ. 5 ಡಿಗ್ರಿ ನೀರಿಗೆ ಬಿದ್ದರೆ ಮೊದಲು ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಕೆಲವೇ ನಿಮಿಷದಲ್ಲಿ ಬೆರಳು ಮಡಚಲು ಬರುವುದಿಲ್ಲ. ಪಟ್ಟಿ ಬಿಗಿಯಾಗಿದ್ದರೆ ವೇಡರ್ ಒಳಗೆ ನೀರು ನುಗ್ಗುವುದು ಬಹಳ ಕಡಿಮೆಯಾಗುತ್ತದೆ. ಪಾಚಿ ಹಿಡಿದ ಕಲ್ಲು ಜಾರುತ್ತದೆ, ಒಂದು ಊರುಗೋಲು ಇರಲಿ. ಮೊದಮೊದಲು ಒಬ್ಬರೇ ಹೋಗಬೇಡಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗಿ.

ಏಪ್ರಿಲ್ ಕೊನೆಗೆ, ಹೊಲಗಳಲ್ಲಿ ಸಾಸಿವೆ ಜಾತಿಯ ರೇಪ್ ಬೆಳೆ ಹೂಬಿಟ್ಟು ಹಳದಿಯಾಗುವ ಹೊತ್ತಿಗೆ, ಉದ್ದ ಕೊಕ್ಕಿನ ಗಾರ್‌ಫಿಶ್ ಹಿಂಡು ದಡಕ್ಕೆ ಬರುತ್ತದೆ. ನಿಮ್ಮ ಲೂರ್ ಹಿಂದೆ ಅದೇ ಬೀಳುತ್ತದೆ, ಕೊಕ್ಕು ಗಟ್ಟಿಯಾದ್ದರಿಂದ ಗಾಳ ನಾಟುವುದು ಕಷ್ಟ. ಸಿಕ್ಕರೆ ಒಯ್ದು ಹುರಿಯಿರಿ, ರುಚಿಯಾಗಿರುತ್ತದೆ. ಅದರ ಮುಳ್ಳು ಹಸಿರು ಬಣ್ಣದ್ದು, ಕೆಟ್ಟಿದೆ ಅಂತ ಬಿಸಾಡಬೇಡಿ, ಅದು ಹುಟ್ಟಾ ಹಾಗೇ. ಟ್ರೌಟ್ ಬೇಕು ಅಂದರೆ ಆ ದಿನಗಳಲ್ಲಿ ಹಿಂಡು ಇರುವ ದಡ ಬಿಟ್ಟು, ಸೂರ್ಯ ಮುಳುಗಿದ ಮೇಲೆ ಹೋಗಿ.